ಮನೆ ಬಾಗಿಲಿಗೆ ಬರುವ ಸಮನ್ಸ್, ತಹಸೀಲ್ ಕಚೇರಿ ಬೋರ್ಡಿಗೆ ಹೋಗುವ ಧರ್ಮ

ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿ, ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಅರ್ಧ ಓಣಿ ಗುಳೆ ಹೋಗಿರುತ್ತದೆ. ಬೆಂಗಳೂರು, ಮಂಗಳೂರು, ಗೋವಾ, ಪುಣೆ, ಎಲ್ಲಿ ಕೆಲಸ ಸಿಕ್ಕರೆ ಅಲ್ಲಿಗೆ. ಊರಲ್ಲಿ ಉಳಿಯುವವರು ವಯಸ್ಸಾದವರು, ಶಾಲೆಗೆ ಹೋಗುವ ಮಕ್ಕಳು, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳು. ಇಂಥದೊಂದು ಮನೆ ಮುಂದೆ ಸಮನ್ಸ್ ಹಿಡಿದು ಪೊಲೀಸರು ಬಂದು ನಿಂತರು ಅಂದುಕೊಳ್ಳಿ.

“ಯಮ್ಮಾ, ನಿಮ್ಮ ಯಜಮಾನ್ರು ಅದಾರೇನ್ರಿ?”

“ಇಲ್ರಿ, ದುಡಿಯಾಕ ಹೋಗ್ಯಾರ.”

“ಕೋರ್ಟಿಂದ ಸಮನ್ಸ್ ಬಂದೈತಿ. ನೀವು ಸೈ ಮಾಡಿ ತಗೋತೀರೇನು?”

ಆಕೆ ಸೈ ಮಾಡಬಹುದಾ? ಮಾಡಿದರೆ ಗಂಡನಿಗೆ ಸಮನ್ಸ್ ಮುಟ್ಟಿತು ಅಂತ ಕೋರ್ಟ್ ಒಪ್ಪುತ್ತದಾ? ಕ್ರಿಮಿನಲ್ ಕೇಸಿನಲ್ಲಿ 2024ರ ಜುಲೈ 1ಕ್ಕಿಂತ ಮುಂಚೆ ಕಾನೂನು ಇದಕ್ಕೆ ‘ಇಲ್ಲ’ ಅನ್ನುತ್ತಿತ್ತು. ಈಗ ‘ಹೌದು’ ಅನ್ನುತ್ತದೆ.

ಅದೇ ಹೆಣ್ಣುಮಗಳು ನಾಳೆ ತಾನು ಬೇರೆ ಧರ್ಮಕ್ಕೆ ಸೇರಬೇಕು ಅಂದುಕೊಂಡರೆ? ಅಲ್ಲಿ ಕರ್ನಾಟಕದ ಇನ್ನೊಂದು ಕಾನೂನು ಬರುತ್ತದೆ. ಅದು ಆಕೆಯನ್ನು ಹದಿನೆಂಟು ತುಂಬದ ಮಕ್ಕಳ ಸಾಲಿನಲ್ಲಿ ಕೂರಿಸುತ್ತದೆ. ಆಕೆಯ ನಂಬಿಕೆಯ ವಿಚಾರ ತಹಸೀಲ್ ಕಚೇರಿಯ ನೋಟಿಸ್ ಬೋರ್ಡಿಗೆ ಹೋಗುತ್ತದೆ.

ಈ ಎರಡು ಕಾನೂನುಗಳನ್ನು ಯಾರೂ ಒಟ್ಟಿಗೆ ಓದುವುದಿಲ್ಲ. ಒಂದನ್ನು ವಕೀಲರು ಓದುತ್ತಾರೆ, ಇನ್ನೊಂದನ್ನು ರಾಜಕೀಯದವರು ಮಾತಾಡುತ್ತಾರೆ. ಆದರೆ ಎರಡೂ ನಿಂತಿರುವುದು ನೋಟಿಸ್ ಮೇಲೆ. ಸಮನ್ಸ್‌ನಲ್ಲಿ ಸರ್ಕಾರ ನಮ್ಮನ್ನು ಹುಡುಕಿಕೊಂಡು ಬಂದು ತಿಳಿಸಬೇಕು. ಧರ್ಮದ ಕಾನೂನಿನಲ್ಲಿ ನಾವೇ ಸರ್ಕಾರದ ಹತ್ತಿರ ಹೋಗಿ ತಿಳಿಸಬೇಕು. ಈ ವ್ಯತ್ಯಾಸ ಹಿಡಿದುಕೊಂಡರೆ ಎರಡೂ ಸಲೀಸಾಗಿ ಅರ್ಥವಾಗುತ್ತವೆ.

ಸಮನ್ಸ್ ಮುಟ್ಟುವುದು ಅಂದರೆ ಏನು

ಒಬ್ಬರ ಮಾತು ಕೇಳದೆ ಅವರ ವಿರುದ್ಧ ತೀರ್ಪು ಕೊಡಬಾರದು. ಕೇಳಬೇಕಾದರೆ ಮೊದಲು ಕರೆಯಬೇಕು. ಆ ಕರೆಯೇ ಸಮನ್ಸ್. ಯಾವ ಕೋರ್ಟು, ಯಾವ ತಾರೀಖು, ಯಾವ ಕೇಸು ಅಂತ ಅದರಲ್ಲಿರುತ್ತದೆ. ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮುದ್ರೆ ಇರಬೇಕು.

ಸಿವಿಲ್ ಸಮನ್ಸ್ ಬೇರೆ, ಕ್ರಿಮಿನಲ್ ಸಮನ್ಸ್ ಬೇರೆ. ಹೊಲದ ಪಾಲು, ಸಾಲ ವಸೂಲಿ, ಮನೆ ಜಾಗದ ತಕರಾರು ಇವೆಲ್ಲ ಸಿವಿಲ್. ಇವುಗಳ ಸಮನ್ಸ್ ತರುವವರು ಕೋರ್ಟಿನ ಸಿಬ್ಬಂದಿ. ನಮ್ಮ ಕಡೆ ಅವರನ್ನು ಅಮೀನರು ಅನ್ನುತ್ತೇವೆ, ಕೆಲವರು ಬೇಲಿಫ್ ಅನ್ನುತ್ತಾರೆ. ಇದಕ್ಕೆ ನಿಯಮ ಇರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಲ್ಲಿ. ಕ್ರಿಮಿನಲ್ ಸಮನ್ಸ್ ತರುವವರು ಸಾಮಾನ್ಯವಾಗಿ ಪೊಲೀಸರು. ಇದಕ್ಕೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಅದು ಜಾರಿಗೆ ಬಂದಿದ್ದು 2024ರ ಜುಲೈ 1ರಂದು. ಅಲ್ಲಿಯವರೆಗೆ 1973ರ ದಂಡ ಪ್ರಕ್ರಿಯಾ ಸಂಹಿತೆ ಇತ್ತು.

ಎರಡೂ ಕೇಂದ್ರದ ಕಾನೂನು. ಹಾಗಾದರೆ ರಾಜ್ಯಕ್ಕೆ ಇಲ್ಲೇನು ಕೆಲಸ ಅಂತ ಕೇಳಬಹುದು. ಸಿವಿಲ್ ಮತ್ತು ಕ್ರಿಮಿನಲ್ ವಿಧಾನ ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾಗಿ ರಾಜ್ಯ ತಿದ್ದುಪಡಿ ತಂದರೆ ರಾಷ್ಟ್ರಪತಿ ಅಂಕಿತ ಬೇಕು. ಇದಲ್ಲದೆ ಹೊಸ ಸಂಹಿತೆ ಕೆಲವು ವಿಚಾರಗಳನ್ನು ರಾಜ್ಯಕ್ಕೇ ಬಿಟ್ಟಿದೆ. ಇಮೇಲ್, ಮೊಬೈಲ್ ಮೂಲಕ ಸಮನ್ಸ್ ಯಾವ ರೀತಿ ಕಳಿಸಬೇಕು, ವಿಳಾಸ ಮತ್ತು ಫೋನ್ ನಂಬರಿನ ರಿಜಿಸ್ಟರಿನಲ್ಲಿ ಏನೇನು ಬರೆಯಬೇಕು ಅನ್ನುವುದನ್ನು ರಾಜ್ಯ ಸರ್ಕಾರ ನಿಯಮ ಮಾಡಿ ಹೇಳಬೇಕು. ಯಲಬುರ್ಗಾದ ಮನೆ ಬಾಗಿಲಲ್ಲಿ ಏನು ನಡೆಯುತ್ತದೆ ಅನ್ನುವುದರಲ್ಲಿ ಇಬ್ಬರ ಕೈಯೂ ಇದೆ.

ಈಗ ಆ ಬಾಗಿಲಿನ ವಿಚಾರಕ್ಕೇ ಬರೋಣ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 64ನೇ ಕಲಂ ಹೇಳುತ್ತಿದ್ದದ್ದು ಇಷ್ಟು: ಸಮನ್ಸ್ ಯಾರ ಹೆಸರಿಗಿದೆಯೋ ಅವರು ಎಷ್ಟು ಹುಡುಕಿದರೂ ಸಿಗದಿದ್ದರೆ, ಅವರ ಜೊತೆ ವಾಸ ಇರುವ ಕುಟುಂಬದ ವಯಸ್ಕ ಗಂಡಸಿನ ಹತ್ತಿರ ಪ್ರತಿ ಬಿಟ್ಟು ಸಹಿ ಪಡೆಯಬಹುದು. ಗಂಡಸೇ ಆಗಬೇಕು. ಹೆಂಡತಿ, ತಾಯಿ, ಡಿಗ್ರಿ ಓದಿದ ಮಗಳು ಮನೆಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಹೊಸ ಸಂಹಿತೆಯ 66ನೇ ಕಲಂ ಆ ‘ಗಂಡಸು’ ಅನ್ನುವುದನ್ನು ತೆಗೆದುಹಾಕಿತು. ಈಗ ಕುಟುಂಬದ ಯಾವುದೇ ವಯಸ್ಕ ಸದಸ್ಯರು ತಗೊಳ್ಳಬಹುದು. ಮನೆ ಆಳು ಮಾತ್ರ ಕುಟುಂಬದ ಸದಸ್ಯರಲ್ಲ ಅಂತ ಹಳೆಯ ಕಾನೂನಿನಂತೆ ಇದೂ ಹೇಳುತ್ತದೆ. ಸಿವಿಲ್ ಕೇಸುಗಳಲ್ಲಿ ಈ ಬದಲಾವಣೆ 1976ರಲ್ಲೇ ಆಗಿತ್ತು. ಕುಟುಂಬದ ವಯಸ್ಕರು, ಗಂಡಾಗಲಿ ಹೆಣ್ಣಾಗಲಿ, ತಗೊಳ್ಳಬಹುದು ಅಂತ ಆಗಲೇ ತಿದ್ದಿದ್ದರು. ಕ್ರಿಮಿನಲ್ ಕಾನೂನು ಅದೇ ಮಾತಿಗೆ ಬರಲು 48 ವರ್ಷ ತಗೊಂಡಿತು.

ಇದರಿಂದ ನಮ್ಮ ಊರುಗಳಲ್ಲಿ ಏನಾಗುತ್ತದೆ ನೋಡಿ. ಮೊದಲು ಗಂಡಸಿಲ್ಲದ ಮನೆಗೆ ಪೊಲೀಸರು ಹೋದರೆ ‘ಬಾಗಿಲು ಹಾಕಿದೆ’, ‘ಆಸಾಮಿ ಊರಲ್ಲಿಲ್ಲ’ ಅಂತ ಷರಾ ಬರೆದು ವಾಪಸು ಕಳಿಸುವುದೇ ಸುಲಭದ ದಾರಿ. ಒಂದೆರಡು ತಾರೀಖು ಹೀಗೇ ಹೋದ ಮೇಲೆ ವಾರಂಟ್. ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿರುವ ಮನುಷ್ಯನಿಗೆ ಊರಲ್ಲಿ ತನ್ನ ಹೆಸರಿಗೆ ವಾರಂಟ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ಹಿಡಿಯುತ್ತಾರೆ. ಈಗ ಹೆಂಡತಿ ಸಮನ್ಸ್ ಕೈಗೆ ತಗೊಂಡು ಅವತ್ತೇ ಫೋನ್ ಹಚ್ಚಿ ಹೇಳಬಹುದು. ಕಾಗದದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಇಷ್ಟು ಸಾಕು, ಎಷ್ಟೋ ಜನ ಜೈಲಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಹೆಣ್ಣುಮಕ್ಕಳಿಗೆ ಇದರ ಜೊತೆ ಹೊಸ ಹೊಣೆಯೂ ಬಂದಿದೆ. ಆಕೆ ಸೈ ಮಾಡಿದರೆ ಗಂಡನಿಗೆ ಮುಟ್ಟಿತು ಅಂತಲೇ ಲೆಕ್ಕ. ಏನಂತ ಗೊತ್ತಾಗದೆ ಸುಮ್ನೆ ಸೈ ಮಾಡಿ, ಕಾಗದವನ್ನು ರೇಷನ್ ಕಾರ್ಡಿನ ಚೀಲದಲ್ಲಿ ಇಟ್ಟು ಮರೆತರೆ ತೊಂದರೆ ಅವರಿಗೇ. ಹಾಗಾಗಿ ತಗೊಳ್ಳುವಾಗ ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಬೇಕು: ಯಾವ ಊರಿನ ಕೋರ್ಟು, ಯಾವ ತಾರೀಖಿಗೆ ಹಾಜರಾಗಬೇಕು, ಕೇಸಿನ ನಂಬರ್ ಎಷ್ಟು. ಓದಲು ಬರದಿದ್ದರೆ ಓದಿ ಹೇಳಿ ಅಂತ ತಂದವರನ್ನೇ ಕೇಳಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲಿಗೆ ಅಂಟಿಸಬಹುದು. ಆದರೆ ಬಂದ ತಕ್ಷಣ ಅಂಟಿಸಿ ಹೋಗುವ ಹಾಗಿಲ್ಲ. ಸಿವಿಲ್ ಕೇಸಿನಲ್ಲಿ ಅಮೀನರು ಮೊದಲು ಸರಿಯಾಗಿ ಹುಡುಕಿರಬೇಕು, ಬೇಗ ಸಿಗುವ ಸಾಧ್ಯತೆ ಇಲ್ಲ ಅನ್ನುವುದು ಗಟ್ಟಿಯಾಗಿರಬೇಕು. ಆಮೇಲೆ ಹೊರಬಾಗಿಲಿಗೆ ಅಥವಾ ಮನೆಯಲ್ಲಿ ಎದ್ದು ಕಾಣುವ ಜಾಗಕ್ಕೆ ಅಂಟಿಸಿ, ಮನೆ ಗುರುತಿಸಿ ತೋರಿಸಿದವರು ಯಾರು, ಯಾರ ಎದುರಿಗೆ ಅಂಟಿಸಿದ್ದು ಅಂತ ಹೆಸರು, ವಿಳಾಸ ಸಮೇತ ವರದಿ ಬರೆಯಬೇಕು. ಈ ವರದಿಯಲ್ಲಿ ಎಷ್ಟೋ ಕೇಸುಗಳ ಹಣೆಬರಹ ಇರುತ್ತದೆ. ಸಾಕ್ಷಿಯ ಹೆಸರಿಲ್ಲದೆ ‘ಬಾಗಿಲಿಗೆ ಅಂಟಿಸಿದೆ’ ಅಂತ ಒಂದೇ ಸಾಲು ಬರೆದ ವರದಿಯನ್ನು ಒಳ್ಳೆಯ ವಕೀಲರು ಮೊದಲು ಪ್ರಶ್ನೆ ಮಾಡುತ್ತಾರೆ. ಅದೂ ಆಗದಿದ್ದಾಗ ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಅಂತ ಕೋರ್ಟ್ ಹೇಳಬಹುದು. ಪೇಪರಿನ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಕೋರ್ಟ್ ಪ್ರಕಟಣೆಗಳು ಇವೇ.

ಸಮನ್ಸ್ ತಗೊಳ್ಳದಿದ್ದರೆ ಕೇಸಿನಿಂದ ತಪ್ಪಿಸಿಕೊಳ್ಳಬಹುದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ತಪ್ಪು, ತುಂಬಾ ದುಬಾರಿಯ ತಪ್ಪು. ಚೆಕ್ ಬೌನ್ಸ್ ಕೇಸಿನಲ್ಲಿ ಅಂಚೆಯವರು ‘ನಿರಾಕರಿಸಿದರು’ ಅಂತ ಷರಾ ಹಾಕಿ ವಾಪಸು ಕಳಿಸಿದರೆ, ಮುಟ್ಟಿದೆ ಅಂತಲೇ ಕೋರ್ಟ್ ತೀರ್ಮಾನಿಸಬಹುದು. ಸಿವಿಲ್ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನದಲ್ಲಿ ಉತ್ತರ ಕೊಡಬೇಕು, ಕಾರಣ ಹೇಳಿದರೆ 90 ದಿನದವರೆಗೆ ಅವಕಾಶ ಇದೆ. ಹಾಜರಾಗದೇ ಹೋದರೆ ಎಕ್ಸ್‌ಪಾರ್ಟಿ ಡಿಕ್ರಿ. ಎದುರಿನವರ ಮಾತಷ್ಟೇ ಕೇಳಿ ಆಗುವ ತೀರ್ಪು ಅದು. ಹೊಲ ಹೋದ ಮೇಲೆ ‘ನನಗೆ ಗೊತ್ತೇ ಇರಲಿಲ್ಲ’ ಅಂತ ಕೋರ್ಟಿಗೆ ಬರುವವರು ಬಹಳ ಜನ. ಸಮನ್ಸ್ ನಿಜವಾಗಿಯೂ ಮುಟ್ಟಿರಲಿಲ್ಲ ಅಂತಾದರೆ ಆ ಡಿಕ್ರಿ ರದ್ದು ಮಾಡಿ ಅಂತ ಕೇಳುವ ದಾರಿ ಇದೆ. ಡಿಕ್ರಿ ಆಗಿರುವುದು ಗೊತ್ತಾದ ದಿನದಿಂದ 30 ದಿನದ ಒಳಗೆ ಅರ್ಜಿ ಹಾಕಬೇಕು. ಆದರೆ ಸಮನ್ಸ್ ಕೊಟ್ಟ ರೀತಿಯಲ್ಲಿ ಸಣ್ಣ ಲೋಪ ಇತ್ತು ಅಂದರಷ್ಟೇ ಸಾಲದು. ತಾರೀಖು ಮೊದಲೇ ಗೊತ್ತಿತ್ತು, ಬರಲು ಸಾಕಷ್ಟು ಸಮಯವೂ ಇತ್ತು ಅಂತ ಸಾಬೀತಾದರೆ ಡಿಕ್ರಿ ರದ್ದಾಗುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬಂದರೆ?

ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಕೋರ್ಟಿನ ಸಮನ್ಸ್ ಬೇರೆ, ಪೊಲೀಸರ ನೋಟಿಸ್ ಬೇರೆ.

ಹೊಸ ಸಂಹಿತೆ ಕೋರ್ಟಿನ ಸಮನ್ಸ್ ಎಲೆಕ್ಟ್ರಾನಿಕ್ ರೂಪದಲ್ಲಿ ಇರಬಹುದು ಅನ್ನುತ್ತದೆ. ಅದರಲ್ಲಿ ಕೋರ್ಟಿನ ಮುದ್ರೆಯ ಚಿತ್ರ ಅಥವಾ ಡಿಜಿಟಲ್ ಸಹಿ ಇರಬೇಕು, ರಾಜ್ಯದ ನಿಯಮದ ಪ್ರಕಾರ ಕಳಿಸಬೇಕು. ಸಾಕ್ಷಿಗಳಿಗೂ ಹೀಗೆ ಕಳಿಸಲು ಅವಕಾಶ ಇದೆ.

ಪೊಲೀಸರು ತನಿಖೆಗಾಗಿ ಠಾಣೆಗೆ ಬನ್ನಿ ಅಂತ ಕೊಡುವ ನೋಟಿಸ್ ಮಾತ್ರ ಬೇರೆ. ಅದು ಹೊಸ ಸಂಹಿತೆಯ 35ನೇ ಕಲಮಿನದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 41ಎ ಕಲಂ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಜುಲೈನಲ್ಲಿ, ಈ ಆದೇಶ ಬದಲಿಸಿ ಅಂತ ಬಂದ ಅರ್ಜಿಯನ್ನೂ ಒಪ್ಪಲಿಲ್ಲ. ಕಾರಣ ಸರಳ. ಆ ನೋಟಿಸ್‌ಗೆ ಹಾಜರಾಗದಿದ್ದರೆ ಬಂಧಿಸಬಹುದು. ಒಬ್ಬರ ಸ್ವಾತಂತ್ರ್ಯವೇ ಹೋಗುವ ಕಾಗದ ಫೋನಿನಲ್ಲಿ ಬಂದು, ನೆಟ್ ಇಲ್ಲದೆ ನೋಡದೇ ಉಳಿದರೆ ಹೇಗೆ? ನೂರೆಂಟು ಗ್ರೂಪುಗಳ ‘ಶುಭೋದಯ’ದ ಕೆಳಗೆ ಮುಚ್ಚಿಹೋದರೆ ಹೇಗೆ?

ಫೋನಿಗೆ ಬಂದ ಸಮನ್ಸ್ ನಿಜವೋ ಸುಳ್ಳೋ ಅಂತ ನೋಡಲು ಇ-ಕೋರ್ಟ್ಸ್ ಆ್ಯಪ್ ಇದೆ. ಪ್ರತಿ ಕೇಸಿಗೂ 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಯಾವ ಕೋರ್ಟು, ಮುಂದಿನ ತಾರೀಖು ಯಾವಾಗ ಎಲ್ಲವೂ ಬರುತ್ತದೆ. ಯಾವ ಕೋರ್ಟೂ ವಿಡಿಯೊ ಕಾಲ್ ಮಾಡಿ ದುಡ್ಡು ಹಾಕಿ ಅನ್ನುವುದಿಲ್ಲ. ಹಾಗೆ ಕೇಳಿದರೆ ಅದು ಮೋಸ.

ಧರ್ಮದ ಕಾನೂನಿನ ನೋಟಿಸ್

ಈಗ ಎರಡನೇ ಕಾನೂನು. ಹೆಸರು ‘ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022’. ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮಸೂದೆಯನ್ನು ಒಪ್ಪಿತು. ಪರಿಷತ್ತಿನಲ್ಲಿ ಆಗ ಸರ್ಕಾರಕ್ಕೆ ಬಹುಮತ ಇರಲಿಲ್ಲ. 2022ರ ಮೇ 17ರಂದು ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರಿನಲ್ಲಿ ಪರಿಷತ್ತೂ ಒಪ್ಪಿತು.

ಇಂಥ ಕಾನೂನು ಕರ್ನಾಟಕದ್ದೇ ಮೊದಲೇನಲ್ಲ. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಮಾಡಿದ್ದವು. ಧರ್ಮದ ವಿಚಾರದಲ್ಲಿ ರಾಜ್ಯ ಹೇಗೆ ಕಾನೂನು ಮಾಡಬಹುದು ಅನ್ನುವ ಪ್ರಶ್ನೆ 1977ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸ್ಟೇನಿಸ್ಲಾಸ್ ಪ್ರಕರಣ ಅಂತ ಅದರ ಹೆಸರು. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕನ್ನಲ್ಲ ಅಂತ ಕೋರ್ಟ್ ಹೇಳಿತು. ಬಲವಂತದ ಮತಾಂತರದಿಂದ ಸಾರ್ವಜನಿಕ ಶಾಂತಿ ಕೆಡಬಹುದು, ಶಾಂತಿ ಕಾಪಾಡುವುದು ರಾಜ್ಯದ ಕೆಲಸ, ಆದ್ದರಿಂದ ರಾಜ್ಯ ಕಾನೂನು ಮಾಡಬಹುದು ಅಂತ ಎತ್ತಿಹಿಡಿಯಿತು. ಎಲ್ಲ ರಾಜ್ಯಗಳೂ ಇವತ್ತಿಗೂ ಹಿಡಿದುಕೊಂಡಿರುವುದು ಇದೇ ತೀರ್ಪನ್ನು.

ನಮ್ಮ ಕಾಯ್ದೆಯ ಪ್ರಕಾರ ಬಲವಂತ, ಮೋಸ, ಅನುಚಿತ ಪ್ರಭಾವ, ಆಮಿಷ ಅಥವಾ ಮದುವೆಯ ಮೂಲಕ ಮತಾಂತರ ಮಾಡುವುದು ಅಪರಾಧ. ಆಮಿಷ ಅನ್ನುವುದರ ಅರ್ಥವನ್ನು ಬಹಳ ಅಗಲ ಮಾಡಿದ್ದಾರೆ. ದುಡ್ಡು, ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆ ಆಗುತ್ತೇನೆ ಅನ್ನುವ ಮಾತು, ‘ಒಳ್ಳೆಯ ಬದುಕು ಸಿಗುತ್ತದೆ’ ಅನ್ನುವ ಭರವಸೆ, ಎಲ್ಲ ಅದರೊಳಗಿವೆ. ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದೂ ಇದೆ. ತನ್ನ ಹಿಂದಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲ ಅಂತ ಕಾಯ್ದೆ ಹೇಳುತ್ತದೆ. ಹೋಗುವ ದಾರಿಗೆ ಗೇಟು ಇದೆ, ಬರುವ ದಾರಿಗೆ ಇಲ್ಲ. ಎರಡೂ ಕಡೆ ಒಂದೇ ನಿಯಮ ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲೊಂದು ಮಾತು ಹೇಳಲೇಬೇಕು. ಮತಾಂತರ ಅಂದರೆ ಕಾಯ್ದೆಯ ಪ್ರಕಾರ ತನ್ನ ಧರ್ಮ ಬಿಟ್ಟು ಇನ್ನೊಂದನ್ನು ಸ್ವೀಕರಿಸುವುದು. ಎರಡೂ ಆಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರಿಗೆ ಹರಕೆ ಹೊತ್ತು ಫಕೀರರಾಗುವ ಹಿಂದೂ ಮನೆತನಗಳು ಎಷ್ಟಿಲ್ಲ? ಮುದಗಲ್ ಮೊಹರಂಗೆ ಸುತ್ತಲಿನ ಊರುಗಳಿಂದ ಎಲ್ಲ ಜಾತಿಯವರೂ ಬರುತ್ತಾರೆ. ಮಗುವಿಗೆ ಹುಷಾರಿಲ್ಲ ಅಂದರೆ ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸುತ್ತಾರೆ, ಭಾನುವಾರ ಚರ್ಚಿನ ಪ್ರಾರ್ಥನೆಯಲ್ಲಿ ಕೂತು ಬರುತ್ತಾರೆ. ಇದ್ಯಾವುದೂ ಮತಾಂತರ ಆಗುವುದಿಲ್ಲ. ದೇವರನ್ನು ಇಷ್ಟು ಸಲೀಸಾಗಿ ಹಂಚಿಕೊಂಡು ಬದುಕಿದ ನಾಡಿಗೆ ‘ಬಿಟ್ಟೆಯಾ, ಹಿಡಿದೆಯಾ’ ಅಂತ ಕೇಳುವ ಕಾನೂನು ಅಷ್ಟು ಸುಲಭಕ್ಕೆ ಹೊಂದುವುದಿಲ್ಲ.

ಯಾರಾದರೂ ಸ್ವಂತ ಇಚ್ಛೆಯಿಂದಲೇ ಧರ್ಮ ಬದಲಿಸಬೇಕು ಅಂದುಕೊಂಡರೆ? ಕಾಯ್ದೆಯ 8ನೇ ಕಲಂ ಪ್ರಕಾರ ಕನಿಷ್ಠ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಅಥವಾ ಅಪರ ಜಿಲ್ಲಾಧಿಕಾರಿಗೆ ನಮೂನೆ 1ರಲ್ಲಿ ಘೋಷಣೆ ಕೊಡಬೇಕು. ಮತಾಂತರದ ವಿಧಿ ನಡೆಸುವ ಪಾದ್ರಿಯೋ ಮೌಲ್ವಿಯೋ ಭಿಕ್ಕುವೋ ಬೇರೆಯಾಗಿ ನಮೂನೆ 2 ಕೊಡಬೇಕು. ಅಲ್ಲಿಗೆ ಮುಗಿಯಲಿಲ್ಲ. ಆ ವಿಷಯವನ್ನು ಜಿಲ್ಲಾಧಿಕಾರಿ ಕಚೇರಿ ಮತ್ತು ತಹಸೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಿ ಆಕ್ಷೇಪಣೆ ಕರೆಯುತ್ತಾರೆ. 30 ದಿನದಲ್ಲಿ ಆಕ್ಷೇಪಣೆ ಬಂದರೆ ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯವರಿಂದ ವಿಚಾರಣೆ. ನಿಜವಾದ ಉದ್ದೇಶ ಏನು, ಕಾರಣ ಏನು ಅಂತ ಅವರು ಕೇಳುತ್ತಾರೆ. ಮತಾಂತರ ಆದ ಮೇಲೂ 30 ದಿನದಲ್ಲಿ ಇನ್ನೊಂದು ಘೋಷಣೆ ಕೊಡಬೇಕು.

ತಹಸೀಲ್ ಕಚೇರಿಯ ಬೋರ್ಡು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ ಅಂತ ಇಡೀ ತಾಲ್ಲೂಕು ಓಡಾಡುವ ಜಾಗ ಅದು. ಸಿಂಧನೂರಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಅಲ್ಲಿ ಒಂದು ಹೆಸರು ಅಂಟಿದರೆ ಸಂಜೆಯೊಳಗೆ ಊರಿನ ಕಟ್ಟೆಯಲ್ಲಿ ಚರ್ಚೆ ಆಗಿರುತ್ತದೆ. ಅರ್ಜಿ ಕೊಟ್ಟ ಮಹಿಳೆಗೆ ಮನೆಯಲ್ಲಿ, ಕೂಲಿಗೆ ಹೋಗುವ ಹೊಲದಲ್ಲಿ, ನೀರಿನ ನಲ್ಲಿಯ ಹತ್ತಿರ ಏನೇನು ಕೇಳಬೇಕಾದೀತು ಅಂತ ಯೋಚಿಸಿ. ಸಮನ್ಸ್ ಹೋಗುವುದು ಒಬ್ಬರ ಹೆಸರಿಗೆ, ಒಂದು ಮನೆಗೆ. ಈ ನೋಟಿಸ್ ಹೋಗುವುದು ಊರಿಗೆಲ್ಲ.

ಈ ಬೋರ್ಡಿನ ಪ್ರಶ್ನೆ ಬೇರೆ ಹೈಕೋರ್ಟುಗಳ ಮುಂದೆ ಬಂದಿದೆ. ಹಿಮಾಚಲ ಪ್ರದೇಶದ 2006ರ ಕಾಯ್ದೆಯಲ್ಲೂ ಮುಂಚಿತ ನೋಟಿಸ್ ಇತ್ತು. 2012ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ತನ್ನ ನಂಬಿಕೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗಿದೆ ಅನ್ನುವುದು ಅದರ ಕಾರಣ. ಐದು ವರ್ಷದ ನಂತರ, 2017ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ತೀರ್ಪಿಗೆ ಕಾರಣವಾದ ಅರ್ಜಿಯ ಮೊದಲ ಹೆಸರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ 30 ದಿನ ನೋಟಿಸ್ ಅಂಟಿಸುವ ನಿಯಮ ಇದೆ. ಪ್ರಕಟಿಸಬೇಕೋ ಬೇಡವೋ ಅನ್ನುವುದನ್ನು ಜೋಡಿಯೇ ಹೇಳಲಿ ಅಂತ ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತ್ತು.

ಕೇಸು ಬಿದ್ದರೆ

ಎರಡೂ ಕಾನೂನು ಒಂದನ್ನೊಂದು ಮುಟ್ಟುವುದು ಇಲ್ಲಿ. ಮತಾಂತರ ಕಾಯ್ದೆಯ ಅಪರಾಧಗಳು ಜಾಮೀನುರಹಿತ. ಜಾಮೀನು ಸಿಗುವುದೇ ಇಲ್ಲ ಅಂತ ಅದರ ಅರ್ಥ ಅಲ್ಲ. ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ಕೋರ್ಟ್ ಕೊಡಬೇಕು ಅಂತ. ಸಾಮಾನ್ಯ ಪ್ರಕರಣದಲ್ಲಿ ಶಿಕ್ಷೆ 3ರಿಂದ 5 ವರ್ಷ, ಕನಿಷ್ಠ 25 ಸಾವಿರ ರೂಪಾಯಿ ದಂಡ. ಮತಾಂತರ ಆದವರು ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಮಹಿಳೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಆಗಿದ್ದರೆ 3ರಿಂದ 10 ವರ್ಷ, ಕನಿಷ್ಠ 50 ಸಾವಿರ ದಂಡ. ಇಬ್ಬರು ಅಥವಾ ಹೆಚ್ಚು ಜನ ಇದ್ದರೆ ಸಾಮೂಹಿಕ ಮತಾಂತರ. ಅದಕ್ಕೂ 10 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಗಂಡ ಹೆಂಡತಿ ಜೊತೆಯಾಗಿ ಹೋದರೂ ಇಬ್ಬರೇ ಅಲ್ವಾ?

ಈಗ ಆ ಪೊಲೀಸ್ ನೋಟಿಸ್ ನೆನಪಿಸಿಕೊಳ್ಳಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸಬಾರದು, ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು, ಬೇಕಿಲ್ಲ ಅಂದರೆ ನೋಟಿಸ್ ಕೊಟ್ಟು ಕರೆಯಬೇಕು ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. 5 ವರ್ಷದ ಶಿಕ್ಷೆಯ ಸಾಮಾನ್ಯ ಮತಾಂತರ ಪ್ರಕರಣಕ್ಕೆ ಈ ರಕ್ಷಣೆ ಸಿಗುತ್ತದೆ. ದೂರಿನಲ್ಲಿ ಮಹಿಳೆ ಅಥವಾ ದಲಿತರ ಹೆಸರು ಬಂದ ತಕ್ಷಣ ಶಿಕ್ಷೆ 10 ವರ್ಷಕ್ಕೆ ಏರುತ್ತದೆ, ಆ ರಕ್ಷಣೆ ಸಡಿಲವಾಗುತ್ತದೆ. ನಮ್ಮ ಭಾಗದಲ್ಲಿ ಇಂಥ ದೂರುಗಳು ಹುಟ್ಟುವ ಓಣಿಗಳು ಯಾವುವು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ವಿಷಯ, ಮೋಸ ಮಾಡಿಲ್ಲ, ಆಮಿಷ ಕೊಟ್ಟಿಲ್ಲ ಅಂತ ಸಾಬೀತು ಮಾಡುವ ಹೊರೆಯನ್ನು ಕಾಯ್ದೆಯ 12ನೇ ಕಲಂ ಆರೋಪಿಯ ಮೇಲೇ ಹಾಕಿದೆ.

ದೂರು ಯಾರು ಬೇಕಾದರೂ ಕೊಡುವಂತಿಲ್ಲ. ಮತಾಂತರ ಆದವರು, ಅವರ ತಂದೆ ತಾಯಿ, ಒಡಹುಟ್ಟಿದವರು, ರಕ್ತ ಸಂಬಂಧಿಗಳು, ಮದುವೆ ಅಥವಾ ದತ್ತು ಸಂಬಂಧದವರು, ಇಲ್ಲವೇ ಒಡನಾಟ ಇರುವವರು, ಸಹೋದ್ಯೋಗಿಗಳು ಕೊಡಬಹುದು. ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣದಲ್ಲಿ ಕರಪತ್ರ ಹಂಚಿ ತಮ್ಮ ಧರ್ಮದ ಬಗ್ಗೆ ಮಾತಾಡಿದರು ಅಂತ ಮೂವರ ಮೇಲೆ ಕೇಸು ಹಾಕಿದ್ದರು. ಹೈಕೋರ್ಟ್ 2025ರಲ್ಲಿ ಅದನ್ನು ರದ್ದು ಮಾಡಿತು. ದೂರು ಕೊಟ್ಟವರು ಈ ಪಟ್ಟಿಯಲ್ಲಿ ಇರಲಿಲ್ಲ, ಯಾರನ್ನೂ ಮತಾಂತರ ಮಾಡಿದ ಆರೋಪವೂ ಇರಲಿಲ್ಲ. ಇಂಥ ರದ್ದತಿಗೆ ಅರ್ಜಿ ಹಾಕಬೇಕಾದರೆ ಬಳ್ಳಾರಿ, ಕೊಪ್ಪಳದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕು, ರಾಯಚೂರಿನವರು ಕಲಬುರಗಿ ಪೀಠಕ್ಕೆ.

ಕಾಯ್ದೆಯನ್ನು ಬೆಂಬಲಿಸುವವರ ಮಾತಿನಲ್ಲೂ ಸತ್ಯ ಇದೆ. ಬಡತನ ಇರುವಲ್ಲಿ ಆಸೆ ತೋರಿಸುವುದು ಸುಲಭ. ಅನಾರೋಗ್ಯ ಇರುವವರಿಗೆ ವಾಸಿ ಮಾಡುತ್ತೇನೆ ಅಂತ ನಂಬಿಸುವುದೂ ಸುಲಭ. ಹಾಗೆ ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ವಂಚನೆಗೆ, ಬೆದರಿಕೆಗೆ ಸಾಮಾನ್ಯ ಅಪರಾಧ ಕಾನೂನಿನಲ್ಲಿ ಶಿಕ್ಷೆ ಇದೆ. ನನ್ನ ತಕರಾರು ಇರುವುದು ಬೇರೆ ಕಡೆ. ನಲವತ್ತು ವರ್ಷದ ಹೆಣ್ಣುಮಗಳನ್ನು, ಸಂಘ ನಡೆಸುವವಳನ್ನು, ಪಂಚಾಯಿತಿ ಅಧ್ಯಕ್ಷೆಯಾದವಳನ್ನು ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಬರೆಯುವುದು ಸರಿಯಲ್ಲ. ದಲಿತರು ಅನ್ನುವ ಒಂದೇ ಕಾರಣಕ್ಕೆ ಒಬ್ಬ ಪದವೀಧರನ ತೀರ್ಮಾನಕ್ಕೆ ಬೆಲೆ ಕಡಿಮೆ ಮಾಡುವುದೂ ಸರಿಯಲ್ಲ. ಗಂಡನ ಹೆಸರಿನ ಸಮನ್ಸ್ ತಗೊಳ್ಳುವಷ್ಟು ತಿಳಿವಳಿಕೆ ಆಕೆಗಿದೆ ಅಂತ ಒಂದು ಕಾನೂನು ಒಪ್ಪಿದ ಮೇಲೆ, ತನ್ನ ದೇವರನ್ನು ತಾನೇ ಆರಿಸಿಕೊಳ್ಳುವಷ್ಟು ತಿಳಿವಳಿಕೆಯೂ ಇದೆ ಅಂತ ಇನ್ನೊಂದು ಒಪ್ಪಬೇಕು.

ದಲಿತರ ವಿಚಾರದಲ್ಲಿ ಇನ್ನೂ ಒಂದು ಗಂಟು ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಮಾನ್ಯತೆ. ಸಿಖ್ಖರನ್ನು ಸೇರಿಸಿದ್ದು 1956ರಲ್ಲಿ, ಬೌದ್ಧರನ್ನು 1990ರಲ್ಲಿ. ಕ್ರೈಸ್ತ ಅಥವಾ ಇಸ್ಲಾಂ ಧರ್ಮಕ್ಕೆ ಹೋದರೆ ಆ ಮಾನ್ಯತೆ ಹೋಗುತ್ತದೆ. ಮತಾಂತರ ಕಾಯ್ದೆಯಡಿ ಘೋಷಣೆ ಕೊಟ್ಟರೆ ಸಂಬಂಧಪಟ್ಟ ಇಲಾಖೆಗಳಿಗೂ ವಿಷಯ ಹೋಗುತ್ತದೆ. ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ನೌಕರಿ ಎಲ್ಲದರ ಲೆಕ್ಕ ಇದರಲ್ಲಿದೆ. ಅರ್ಜಿ ಕೊಡುವ ಮುಂಚೆ ಇದನ್ನು ತಿಳಿದುಕೊಂಡಿರಬೇಕು.

ಕಾಯ್ದೆಯನ್ನು ವಾಪಸು ಪಡೆಯುತ್ತೇವೆ ಅಂತ ರಾಜ್ಯ ಸಚಿವ ಸಂಪುಟ 2023ರ ಜೂನ್ 15ರಂದು ತೀರ್ಮಾನ ಮಾಡಿತು. ಅವತ್ತೇ ಕಾಯ್ದೆ ಹೋಯಿತು ಅಂತ ಬಹಳ ಜನ ತಿಳಿದುಕೊಂಡರು. ಸಂಪುಟದ ತೀರ್ಮಾನದಿಂದ ಯಾವ ಕಾಯ್ದೆಯೂ ರದ್ದಾಗುವುದಿಲ್ಲ. ರದ್ದತಿ ಮಸೂದೆಯನ್ನು ಎರಡೂ ಸದನ ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಬರಬೇಕು. ಆ ತೀರ್ಮಾನ ಆಗಿ ಎರಡು ವರ್ಷ ಕಳೆದ ಮೇಲೂ ಬಾಗಲಕೋಟೆಯ ಆ ಮೂವರು ಇದೇ ಕಾಯ್ದೆಯ ಕೇಸಿಗಾಗಿ ಹೈಕೋರ್ಟಿಗೆ ಹೋಗಬೇಕಾಯಿತು.

ಇಂಥ ಕಾಗದ ಕೈಗೆ ಬಂದರೆ, ಅದು ಸಮನ್ಸ್ ಇರಲಿ, ಠಾಣೆಯ ನೋಟಿಸ್ ಇರಲಿ, ವಿಚಾರಣೆಗೆ ಬನ್ನಿ ಅನ್ನುವ ಪತ್ರ ಇರಲಿ, ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ ನಂಬರ್ 15100. ಹೋಗುವಾಗ ಬಂದ ಕಾಗದವನ್ನು, ಲಕೋಟೆ ಇದ್ದರೆ ಲಕೋಟೆ ಸಮೇತ, ತಗೊಂಡು ಹೋಗಿ. ಯಾವ ದಿನ, ಯಾರ ಕೈಗೆ ಬಂತು ಅಂತ ಅದರ ಮೇಲೆ ಬರೆದಿಟ್ಟಿರಿ. ವಕೀಲರು ಮೊದಲು ಕೇಳುವ ಪ್ರಶ್ನೆ ಅದೇ.